ಒಂದು ಬೇಸಿಗೆಗೆ ಕರಾವಳಿಯಲ್ಲಿ ಮನೆ: ಕಡಲಿಗಿಂತ ಮೊದಲು ಬಾವಿ ನೋಡಿ

ಡಿಸೆಂಬರ್‌ನಲ್ಲಿ ನಾವು ನೋಡಿದಾಗ ಆ ಮನೆಯ ಬಾವಿ ನೀರು ಸಿಹಿಯಾಗಿತ್ತು. ಅಂಗಳ ದಾಟಿದರೆ ಮರಳು, ಮರಳು ದಾಟಿದರೆ ಕಡಲು. ಅಲ್ಲೇ ಮುಂಗಡ ಕೊಟ್ಟು ಬಂದೆವು. ಏಪ್ರಿಲ್‌ನಲ್ಲಿ ಸಾಮಾನು ಇಳಿಸಿ ಅಡುಗೆಗೆ ಕೂತರೆ ಅದೇ ನೀರಿನಲ್ಲಿ ಬೇಳೆ ಬೇಯಲಿಲ್ಲ. ಸೋಪು ನೊರೆ ಕೊಡಲಿಲ್ಲ. ಅಮ್ಮ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ಹೇಳಿದರು: "ಹ್ವಾಯ್, ಮೇ ತಿಂಗ್ಳಗೆ ಈ ನೀರ್ ಕುಡುಕೆ ಆತಿಲ್ಲೆ." ಇಪ್ಪತ್ತೆರಡು ದಿನಕ್ಕೆ ನಾವು ಬೆಂಗಳೂರಿಗೆ ವಾಪಸ್.

ಮರುವರ್ಷ ಮತ್ತೆ ಹೋದೆವು. ಈ ಸಲ ಕಡಲಿನಿಂದ ಮೂರು ಕಿಲೋಮೀಟರ್ ಒಳಗೆ, ಕೋಟೇಶ್ವರದ ಹತ್ತಿರ, ಒಂದು ಹಂಚಿನ ಮನೆ. ಎರಡೂವರೆ ತಿಂಗಳು ಸುಖವಾಗಿ ಇದ್ದೆವು. ಖರ್ಚು ಮೊದಲ ವರ್ಷಕ್ಕಿಂತ ಕಡಿಮೆಯೇ ಬಂತು. ಆ ಎರಡು ಬೇಸಿಗೆಯಲ್ಲಿ ಕಲಿತದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಮನೆಯಿಂದಲೇ ಕೆಲಸ ಮಾಡುವವರು, ಮಕ್ಕಳಿಗೆ ರಜೆ ಇರುವವರು, ನಿವೃತ್ತರಾದವರು, ಯಾರೇ ಆದರೂ ಘಟ್ಟದ ಮೇಲಿನಿಂದ ಇಳಿದು ಒಂದು ಬೇಸಿಗೆ ಕರಾವಳಿಯಲ್ಲಿ ಇರಬೇಕು ಅಂದುಕೊಂಡಿದ್ದರೆ ಇದು ನಿಮಗೆ.

ಹೆಜ್ಜೆ 1: ತಿಂಗಳು ಗೊತ್ತು ಮಾಡಿಕೊಳ್ಳಿ

ಊರು ಆರಿಸುವ ಮೊದಲು ತಾರೀಕು ಆರಿಸಬೇಕು. ಬಾಡಿಗೆ, ನೀರು, ಮನೆ ಸಿಗುವುದು ಎಲ್ಲ ಅದರ ಮೇಲೆ ನಿಂತಿದೆ.

ಕರಾವಳಿಯಲ್ಲಿ ಬೀಗ ಹಾಕಿದ ಮನೆಗಳು ತುಂಬ ಇವೆ. ಮನೆಯವರು ಮುಂಬಯಿಯಲ್ಲೋ ಗಲ್ಫ್‌ನಲ್ಲೋ ಇರುತ್ತಾರೆ. "ಇಷ್ಟು ಮನೆ ಖಾಲಿ ಇದೆ, ಬಾಡಿಗೆಗೆ ಸುಲಭವಾಗಿ ಸಿಗಬಹುದು" ಅಂತ ನಾನೂ ಅಂದುಕೊಂಡಿದ್ದೆ. ಆದರೆ ಆ ಮನೆಗಳು ತುಂಬುವುದೇ ಏಪ್ರಿಲ್ ಕೊನೆ ಮತ್ತು ಮೇ ತಿಂಗಳಲ್ಲಿ. ಮುಂಬಯಿಯ ಶಾಲೆಗಳಿಗೆ ರಜೆ ಸಿಕ್ಕ ಕೂಡಲೇ ಎಲ್ಲರೂ ಊರಿಗೆ ಬರುತ್ತಾರೆ. ಮದುವೆ, ಗೃಹಪ್ರವೇಶ, ದೇವಸ್ಥಾನದ ಬ್ರಹ್ಮಕಲಶ, ಮನೆತನದ ದೈವಗಳ ನೇಮ ಎಲ್ಲವೂ ಆ ಆರು ವಾರಗಳಲ್ಲೇ. ಹಾಗಾಗಿ ಅಂಥ ಮನೆ ಬೇಕಿದ್ದರೆ ಮಾರ್ಚ್ ಆರಂಭದಿಂದ ಏಪ್ರಿಲ್ ಮಧ್ಯದವರೆಗೆ ಕೇಳಿ. ಮೇ ಪೂರ್ತಿ ಬೇಕಿದ್ದರೆ ಊರಲ್ಲೇ ಇರುವ ಮಾಲೀಕರ ಮನೆ ಹುಡುಕಿ. ಮೇಲಿನ ಮಹಡಿಯೋ ಹಿತ್ತಲಿನ ಸಣ್ಣ ಮನೆಯೋ ಸಿಗುತ್ತದೆ.

ಇನ್ನೊಂದು ಗಡಿ ಮಳೆ. ಮುಂಗಾರು ಕೇರಳಕ್ಕೆ ಜೂನ್ 1ರ ಆಸುಪಾಸಿಗೆ ಬಂದು, ಕೆಲವು ದಿನಗಳಲ್ಲಿ ನಮ್ಮ ಕರಾವಳಿ ಮುಟ್ಟುತ್ತದೆ. ಆದರೆ ಕಡಲು ಅದಕ್ಕಿಂತ ಮೊದಲೇ ಏಳುತ್ತದೆ. 2021ರ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ಬಂದಾಗ ದಡದ ಮನೆಗಳು, ರಸ್ತೆಗಳು ಕೊಚ್ಚಿಹೋದದ್ದು ನೆನಪಿರಬಹುದು. ನನ್ನ ಸಲಹೆ: ಮಾರ್ಚ್ 10ರಿಂದ ಮೇ 20ರವರೆಗೆ. ಶಾಲೆಗೆ ಹೋಗುವ ಮಕ್ಕಳಿದ್ದರೆ ಪರೀಕ್ಷೆ ಮುಗಿದ ಮರುದಿನ ಹೊರಡಿ.

ಇನ್ನೂ ಒಂದು ವಿಷಯ. ತುಳುನಾಡಿನಲ್ಲಿ ಮೇ 24ರ ಸುಮಾರಿಗೆ ಪತ್ತನಾಜೆ ಬರುತ್ತದೆ. ಅಲ್ಲಿಗೆ ನೇಮ, ಕೋಲ, ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುತ್ತದೆ. ಅದಕ್ಕೂ ಮೊದಲು ಇದ್ದರೆ, ಹಳ್ಳಿಹಳ್ಳಿಯ ಬಯಲಿನಲ್ಲಿ ನಡೆಯುವ ಹರಕೆಯ ಯಕ್ಷಗಾನ ಆಟಗಳನ್ನು ಟಿಕೆಟ್ ಇಲ್ಲದೆ ನೋಡಬಹುದು. ನನ್ನ ಮಗಳು ಆ ಬೇಸಿಗೆ ಏಳು ಆಟ ನೋಡಿದಳು. ಇದಕ್ಕೆ ಯಾವ ಸಮ್ಮರ್ ಕ್ಯಾಂಪೂ ಸಮ ಇಲ್ಲ.

ಹೆಜ್ಜೆ 2: ಕರಾವಳಿಯನ್ನು ತುಂಡು ಮಾಡಿ ನೋಡಿ

ನಮ್ಮ ಕರಾವಳಿ ಸುಮಾರು 320 ಕಿ.ಮೀ. ಉದ್ದ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಅಂತ ಮೂರು ಜಿಲ್ಲೆ. ರಾಷ್ಟ್ರೀಯ ಹೆದ್ದಾರಿ 66 ಮತ್ತು ಕೊಂಕಣ ರೈಲು ಉದ್ದಕ್ಕೂ ಜೊತೆಯಲ್ಲೇ ಹೋಗುತ್ತವೆ. ಬೆಂಗಳೂರಿನಿಂದ ರಾತ್ರಿ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಸುರತ್ಕಲ್, ಉಡುಪಿ, ಕುಂದಾಪುರ, ಬೈಂದೂರು, ಕುಮಟಾ ದಾಟಿ ಕಾರವಾರದವರೆಗೆ ಹೋಗುತ್ತದೆ. ಈ ಒಂದು ರೈಲು ಇರುವುದರಿಂದ ಇಷ್ಟು ಉದ್ದದ ಕರಾವಳಿಯಲ್ಲಿ ಎಲ್ಲಿ ಬೇಕಾದರೂ ಇರಬಹುದು.

ಮಂಗಳೂರು ಮತ್ತು ಸುರತ್ಕಲ್. ಆಸ್ಪತ್ರೆ, ಬಸ್ಸು, ಇಂಟರ್ನೆಟ್ ಯಾವುದಕ್ಕೂ ತೊಂದರೆ ಇಲ್ಲ. ಬಾಡಿಗೆ ಜಾಸ್ತಿ. ನಗರಕ್ಕೆ ನೀರು ಬರುವುದು ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಅಣೆಕಟ್ಟಿನಿಂದ. 2019ರಲ್ಲೂ 2023ರಲ್ಲೂ ಮೇ ತಿಂಗಳಲ್ಲಿ ಸರದಿ ಪ್ರಕಾರ ನೀರು ಬಿಡಬೇಕಾಯಿತು. ಮನೆಯಲ್ಲಿ ಹೃದ್ರೋಗಿಗಳೋ ಡಯಾಲಿಸಿಸ್ ಬೇಕಾದವರೋ ಇದ್ದರೆ ಇಲ್ಲೇ ಇರಿ. ಕಡಿಮೆ ಖರ್ಚೇ ಮುಖ್ಯ ಅನ್ನುವವರು ಮುಂದೆ ಹೋಗಿ.

ಮುಲ್ಕಿಯಿಂದ ಉಡುಪಿವರೆಗೆ. ಮುಲ್ಕಿ, ಪಡುಬಿದ್ರಿ, ಕಾಪು, ಕಟಪಾಡಿ. ನಡುವೆ ಬಸ್ಸಿಗೆ ಕಾಯುವುದೇ ಬೇಡ, ಅಷ್ಟು ಓಡಾಡುತ್ತವೆ. ಪಡುಬಿದ್ರಿ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ (ಸ್ವಚ್ಛ, ಸುರಕ್ಷಿತ ತೀರಕ್ಕೆ ಕೊಡುವ ಅಂತರರಾಷ್ಟ್ರೀಯ ಗುರುತು) ಸಿಕ್ಕಿತು. ಕಾಪುವಿನ ದೀಪಸ್ತಂಭ 1901ರದ್ದು. ಉಡುಪಿಯ ಪಕ್ಕದಲ್ಲೇ ಮಣಿಪಾಲದ ದೊಡ್ಡ ಆಸ್ಪತ್ರೆ ಇರುವುದರಿಂದ ವಯಸ್ಸಾದವರಿಗೆ ಈ ತುಂಡು ತುಂಬ ಅನುಕೂಲ. ಆದರೆ ಮಣಿಪಾಲದ ಒಳಗೆ ವಿದ್ಯಾರ್ಥಿಗಳ ಕಾರಣಕ್ಕೆ ಬಾಡಿಗೆ ಏರಿದೆ. ಅಲ್ಲಿಂದ ಎಂಟು ಹತ್ತು ಕಿಲೋಮೀಟರ್ ದೂರ ಹೋಗಿ ಕೇಳಿ.

ಬ್ರಹ್ಮಾವರದಿಂದ ಬೈಂದೂರಿನವರೆಗೆ. ಸಾಲಿಗ್ರಾಮ, ಕೋಟ, ಕೋಟೇಶ್ವರ, ಕುಂದಾಪುರ, ಮರವಂತೆ. ನನ್ನ ಮನಸ್ಸು ಇಲ್ಲೇ ನಿಂತಿದೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ನದಿ. ನೋಡಲು ಎಷ್ಟು ಚಂದವೋ ವಾಸಕ್ಕೆ ಅಷ್ಟು ಕಷ್ಟ, ಎರಡೂ ಬದಿ ಉಪ್ಪುನೀರು. ಕೋಟೇಶ್ವರ, ಸಾಲಿಗ್ರಾಮದಂಥ ಪೇಟೆಗಳು ವಾಸಕ್ಕೆ ಹೇಳಿ ಮಾಡಿಸಿದ ಹಾಗಿವೆ. ತರಕಾರಿ ಅಂಗಡಿ, ವೈದ್ಯರು, ಬ್ಯಾಂಕು ಎಲ್ಲ ನಡೆದು ಹೋಗುವ ದೂರ. ದೊಡ್ಡ ಆಸ್ಪತ್ರೆ ಬೇಕಾದರೆ ಮಣಿಪಾಲ ಕಾರಿನಲ್ಲಿ ಒಂದು ಗಂಟೆಯೊಳಗೆ. ಪ್ರವಾಸಿಗಳು ಇಲ್ಲಿ ನಿಲ್ಲುವುದು ಕಡಿಮೆ. ಬಾಡಿಗೆ ಊರಿನವರಿಗೆ ಹೇಳುವ ಬಾಡಿಗೆಯೇ.

ಹೊನ್ನಾವರದಿಂದ ಅಂಕೋಲಾವರೆಗೆ. ಕಡಿಮೆ ಖರ್ಚಿನಲ್ಲಿ ಇದಕ್ಕೆ ಮೊದಲ ಸ್ಥಾನ. ಕುಮಟಾ ನನಗೆ ಇಷ್ಟ. ತಾಲ್ಲೂಕು ಪೇಟೆ, ರೈಲು ನಿಲ್ದಾಣ, ನಡೆದು ಹೋಗುವಷ್ಟು ದೂರದ ಕಡಲು. ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ನೇತು ಹಾಕಿದ ಕುಮಟಾ ಈರುಳ್ಳಿ ಬೇಸಿಗೆಯಲ್ಲೇ ಸಿಗುತ್ತದೆ. ಅಂಕೋಲಾದ ಕರಿಇಶಾಡು ಮಾವಿನಹಣ್ಣನ್ನು ಅಲ್ಲೇ ಕೂತು ತಿನ್ನಬೇಕು, ಅದು ದೂರ ಹೋಗುವ ಹಣ್ಣಲ್ಲ. ಸಾರಿಗೆಯಲ್ಲೂ ಉಳಿತಾಯ ಇದೆ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಹೆಚ್ಚಿನವು ಖಾಸಗಿ ಬಸ್ಸುಗಳು, ಅವುಗಳಲ್ಲಿ ಶಕ್ತಿ ಯೋಜನೆ ನಡೆಯುವುದಿಲ್ಲ. ಉತ್ತರ ಕನ್ನಡದಲ್ಲಿ ಸರ್ಕಾರಿ ಬಸ್ಸುಗಳೇ ಜಾಸ್ತಿ. ಹೆಂಗಸರಿಗೆ ಟಿಕೆಟ್ ಖರ್ಚು ಇಲ್ಲ.

ಆದರೆ ಇಲ್ಲಿ ಆಸ್ಪತ್ರೆಯ ಮಾತು ಗಟ್ಟಿಯಾಗಿ ಹೇಳಬೇಕು. ಉತ್ತರ ಕನ್ನಡದ ಜನ ಸುಸಜ್ಜಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ವರ್ಷಗಟ್ಟಲೆ ಹೋರಾಡುತ್ತಿದ್ದಾರೆ. ತುರ್ತಿಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾಕ್ಕೆ ಓಡಬೇಕು. ಅಲ್ಲಿಯವರ ಈ ಸಂಕಟ ನೋಡಿದ ಮೇಲೆ, ಕಾಯಿಲೆಯ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ನಾನು ಈ ತುಂಡನ್ನು ಹೇಳುವುದಿಲ್ಲ.

ಗೋಕರ್ಣವನ್ನು ಬೇಕೆಂದೇ ಬಿಟ್ಟಿದ್ದೇನೆ. ಮೂರು ದಿನಕ್ಕೆ ಚೆನ್ನ. ಎರಡು ತಿಂಗಳಿಗೆ ಅಲ್ಲಿನ ದಿನಬಾಡಿಗೆಯ ಲೆಕ್ಕ ಕೂಡಿ ಬರುವುದಿಲ್ಲ, ವಾರದ ಕೊನೆಗೆ ಗದ್ದಲ ಬೇರೆ. ಕುಮಟಾದಲ್ಲಿ ಇದ್ದು ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಬನ್ನಿ. ಮುರುಡೇಶ್ವರಕ್ಕೂ ಇದೇ ಮಾತು.

ಕಾರವಾರ ಜಿಲ್ಲಾ ಕೇಂದ್ರ. ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಗೋವಾ ಗಡಿ ಹತ್ತಿರ. ಕೊಂಕಣಿ ಬಂದರೆ ಇನ್ನೂ ಒಳ್ಳೆಯದು.

ಹೆಜ್ಜೆ 3: ಕಡಲಿನಿಂದ ಎರಡರಿಂದ ಐದು ಕಿಲೋಮೀಟರ್

ದಡದ ಮನೆ ಬೇಡ ಅನ್ನುವುದಕ್ಕೆ ಬಾಡಿಗೆ ಒಂದೇ ಕಾರಣವಲ್ಲ. ಉಪ್ಪುಗಾಳಿಗೆ ಲ್ಯಾಪ್‌ಟಾಪ್, ಸ್ಕೂಟರ್, ಫ್ಯಾನು ಎಲ್ಲವೂ ಬೇಗ ತುಕ್ಕು ಹಿಡಿಯುತ್ತವೆ. ಮಲ್ಪೆ, ಗಂಗೊಳ್ಳಿ, ತದಡಿಯಂಥ ಬಂದರುಗಳ ಹತ್ತಿರ ಒಣಮೀನಿನ ವಾಸನೆ ಇರುತ್ತದೆ. ಮೀನುಗಾರರಿಗೆ ಅದು ಅನ್ನ. ಅಭ್ಯಾಸ ಇಲ್ಲದ ನಾವು ಅಲ್ಲಿ ಮನೆ ಮಾಡಿ ಮೂಗು ಮುಚ್ಚಿಕೊಂಡು ಓಡಾಡಿದರೆ ಅವರಿಗೆ ಅವಮಾನ ಮಾಡಿದ ಹಾಗೆ. ಎರಡು ಕಿಲೋಮೀಟರ್ ಒಳಗಿದ್ದು, ಸಂಜೆ ನಡೆದೋ ಸ್ಕೂಟರಿನಲ್ಲೋ ದಡಕ್ಕೆ ಹೋದರೆ ಕಡಲು ಅದೇ.

ಐದು ಕಿಲೋಮೀಟರ್ ದಾಟಬೇಡಿ. ಮಧ್ಯಾಹ್ನ ನೆಲ ಕಾದು ಬಿಸಿಗಾಳಿ ಮೇಲೇರಿದಾಗ ಕಡಲಿನಿಂದ ತಂಪು ಗಾಳಿ ಒಳಗೆ ನುಗ್ಗುತ್ತದೆ. ಒಳನಾಡಿಗೆ ಹೋದಷ್ಟೂ ಅದು ತಡವಾಗಿ ಬರುತ್ತದೆ, ಬಲವೂ ಕಡಿಮೆ. ಘಟ್ಟದ ಬುಡದ ಊರುಗಳಲ್ಲಿ ಸೆಖೆ ತಡೆಯಲಾಗದಷ್ಟು.

ಹೆಜ್ಜೆ 4: ನೀರು

ಇಲ್ಲಿ ಅವಸರ ಮಾಡಬೇಡಿ.

ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ. ಇಷ್ಟು ಮಳೆ ಬಂದರೂ ಏಪ್ರಿಲ್‌ಗೆ ನೀರು ಇಲ್ಲ ಅಂದರೆ ಘಟ್ಟದ ಮೇಲಿನವರಿಗೆ ನಂಬಿಕೆ ಬರುವುದಿಲ್ಲ. ಆದರೆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮುಗಿಯುತ್ತದೆ. ಮುರಕಲ್ಲಿನ ನೆಲ ನೀರನ್ನು ಹಿಡಿದಿಡುವುದಿಲ್ಲ, ಕಡಲಿಗೆ ಬಿಟ್ಟುಬಿಡುತ್ತದೆ. ಬೇಸಿಗೆಯಲ್ಲಿ ನೆಲದೊಳಗಿನ ಸಿಹಿನೀರು ಕೆಳಗಿಳಿದಂತೆ ಉಪ್ಪುನೀರು ಆ ಜಾಗಕ್ಕೆ ಬರುತ್ತದೆ. ನದಿಯಲ್ಲೂ ಹಾಗೆಯೇ. ಹರಿವು ಕಡಿಮೆಯಾದಾಗ ಭರತದ ನೀರು ಹೊಳೆಯೊಳಗೆ ಕಿಲೋಮೀಟರ್‌ಗಟ್ಟಲೆ ಮೇಲೇರುತ್ತದೆ. ಅದನ್ನು ತಡೆಯಲೆಂದೇ ಅಲ್ಲಲ್ಲಿ ಕಿಂಡಿ ಅಣೆಕಟ್ಟು ಕಟ್ಟಿದ್ದಾರೆ. ಹಾಗಾಗಿ ಕಡಲಿನಿಂದ ದೂರ ಇದ್ದರೆ ಸಾಲದು, ಅಳಿವೆಯಿಂದಲೂ (ನದಿ ಕಡಲು ಸೇರುವ ಜಾಗ) ಉಪ್ಪು ಹೊಳೆಯಿಂದಲೂ ದೂರ ಇರಬೇಕು. ಅಘನಾಶಿನಿ ಬದಿಯಲ್ಲಿ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ಅಂಚಿನ ಮನೆ ನೋಡಲು ಸ್ವರ್ಗ. ಬಾವಿ ನೀರು ಮಾತ್ರ ಕೇಳಿ ತಿಳಿದುಕೊಳ್ಳಿ.

ಮನೆ ನೋಡಲು ಹೋದಾಗ ಹೀಗೆ ಮಾಡಿ. ಮಾಲೀಕರನ್ನು ಕೇಳುವ ಮೊದಲು ಅಕ್ಕಪಕ್ಕದ ಹೆಂಗಸರನ್ನು ಕೇಳಿ: "ಮೇ ಕೊನೆಗೆ ಬಾವಿಯಲ್ಲಿ ಎಷ್ಟು ನೀರು ಇರುತ್ತೆ ಅಮ್ಮಾ? ಕುಡಿಯೋಕೆ ಆಗುತ್ತಾ?" ನೀರು ಸೇದುವವರಿಗೆ ಗೊತ್ತಿರುವುದು ಬೇರೆ ಯಾರಿಗೂ ಗೊತ್ತಿಲ್ಲ. ಒಂದು ಲೋಟ ಕುಡಿದು ನೋಡಿ. ಸೋಪು ಉಜ್ಜಿ ನೋಡಿ. ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುವ ಒಂದು ಸಣ್ಣ ಟಿಡಿಎಸ್ ಮೀಟರ್ ಜೇಬಿನಲ್ಲಿಟ್ಟುಕೊಳ್ಳಿ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 500 ಮಿಲಿಗ್ರಾಂ. ಬೇರೆ ನೀರೇ ಇಲ್ಲದ ಕಡೆ 2,000ದವರೆಗೆ ಬಿಡುತ್ತಾರೆ. ಡಿಸೆಂಬರ್‌ನಲ್ಲೇ 500ರ ಹತ್ತಿರ ತೋರಿಸಿದರೆ ಆ ಮನೆ ಬೇಡ. ಮೀಟರ್ ಕೀಟಾಣು ತೋರಿಸುವುದಿಲ್ಲ ಅನ್ನುವುದೂ ನೆನಪಿರಲಿ, ಕುಡಿಯುವ ನೀರು ಕುದಿಸಲೇಬೇಕು.

ಪಂಚಾಯತಿ ನಲ್ಲಿ ಇದೆಯಾ, ಬೇಸಿಗೆಯಲ್ಲಿ ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ, ಟ್ಯಾಂಕರ್ ಬಂದರೆ ದುಡ್ಡು ಯಾರು ಕೊಡಬೇಕು, ಈ ಮೂರನ್ನೂ ಕೇಳಿ ಬರೆದುಕೊಳ್ಳಿ. ಉಡುಪಿ ನಗರಕ್ಕೆ ನೀರು ಕೊಡುವ ಸ್ವರ್ಣಾ ನದಿಯ ಬಜೆ ಅಣೆಕಟ್ಟು 2019ರ ಮೇನಲ್ಲಿ ಬತ್ತಿದಾಗ, ಮನೆಯಲ್ಲಿ ಬಾವಿ ಇದ್ದವರು ಮಾತ್ರ ನಿಶ್ಚಿಂತರಾಗಿದ್ದರು.

ಹೆಜ್ಜೆ 5: ಮಾಡು (ಚಾವಣಿ) ಮತ್ತು ಕರೆಂಟು

ಏಪ್ರಿಲ್‌ನಲ್ಲಿ ಕರಾವಳಿಯ ಬಿಸಿಲು 33–34 ಡಿಗ್ರಿ ಆಸುಪಾಸು. ಅಂಕಿ ನೋಡಿದರೆ ಬೆಂಗಳೂರಿನಷ್ಟೇ ಅಲ್ವಾ ಅನಿಸುತ್ತದೆ. ಆದರೆ ಗಾಳಿಯಲ್ಲಿ ನೀರಿನ ಅಂಶ ತುಂಬಿರುವುದರಿಂದ ಬೆವರು ಆರುವುದಿಲ್ಲ. ರಾತ್ರಿಯೂ 25–26ಕ್ಕಿಂತ ಕೆಳಗೆ ಇಳಿಯುವುದು ಅಪರೂಪ. ಇದನ್ನು ಸಹಿಸುವುದು ನಿಮ್ಮ ತಲೆ ಮೇಲಿನ ಮಾಡಿನ ಮೇಲೆ ನಿಂತಿದೆ.

ತಾರಸಿ ಮನೆಯ ಕೊನೆಯ ಮಹಡಿ ಬೇಡ. ಇಡೀ ದಿನ ಕಾದ ಕಾಂಕ್ರೀಟು ನಡುರಾತ್ರಿಯವರೆಗೆ ಬಿಸಿ ಬಿಡುತ್ತಲೇ ಇರುತ್ತದೆ. ತಾರಸಿ ಮೇಲೆ ತಗಡಿನ ಚಪ್ಪರ ಹಾಕಿದ್ದರೆ ಪರವಾಗಿಲ್ಲ. ಎತ್ತರದ ಹಂಚಿನ ಮಾಡು, ಕೆಳಗೆ ಮರದ ಮುಚ್ಚಿಗೆ ಇದ್ದರೆ ಬೇರೆ ಯೋಚನೆಯೇ ಬೇಡ. ಹಂಚು ಬೇಗ ಕಾಯುತ್ತದೆ, ಬೇಗ ಆರುತ್ತದೆ, ಸಂದಿಯಿಂದ ಬಿಸಿಗಾಳಿ ಹೊರಗೆ ಹೋಗುತ್ತದೆ. ಪಡುವಣಕ್ಕೆ ಕಿಟಕಿ ಇರಬೇಕು, ಗಾಳಿ ಬರುವುದು ಅಲ್ಲಿಂದ. ಅದೇ ಕಿಟಕಿಗೆ ಇಳಿಬಿಸಿಲು ಬಡಿಯದ ಹಾಗೆ ತೆಂಗೋ ಹಲಸೋ ಮರ ಇರಬೇಕು.

ಬೆಂಗಳೂರಿನಿಂದ ನೀರು ಹಾಕುವ ಏರ್ ಕೂಲರ್ ಹೊತ್ತುಕೊಂಡು ಹೋಗಬೇಡಿ. ಅದು ಒಣ ಊರಿಗೆ ಮಾತ್ರ. ಇಲ್ಲಿ ಸೆಖೆ ಇನ್ನೂ ಜಾಸ್ತಿಯಾಗುತ್ತದೆ. ಒಳ್ಳೆಯ ಒಂದು ಪೆಡೆಸ್ಟಲ್ ಫ್ಯಾನ್ ಸಾಕು.

ಏಪ್ರಿಲ್, ಮೇ ಸಂಜೆಗಳಲ್ಲಿ ಗುಡುಗು ಸಿಡಿಲು ಬಂದರೆ ಕರೆಂಟು ಹೋಗುತ್ತದೆ, ಕೆಲವೊಮ್ಮೆ ರಾತ್ರಿಯಿಡೀ. ಮನೆಯಿಂದ ಕೆಲಸ ಮಾಡುವವರು ಇನ್ವರ್ಟರ್ ಇರುವ ಮನೆಯನ್ನೇ ಹಿಡಿಯಿರಿ. ಸಿಡಿಲಿನ ಹೊತ್ತಿಗೆ ರೂಟರ್ ವೈರು ಕಿತ್ತಿಡಿ. ಇಂಟರ್ನೆಟ್ ಬಗ್ಗೆ ಮಾಲೀಕರ ಮಾತು ಸಾಲದು. ಕೂತು ಕೆಲಸ ಮಾಡುವ ಕೋಣೆಯಲ್ಲೇ ನಿಂತು ವಿಡಿಯೋ ಕರೆ ಮಾಡಿ ನೋಡಿ.

ಹೆಜ್ಜೆ 6: ಲೆಕ್ಕ

ತಿಂಗಳ ಬಾಡಿಗೆ ಮತ್ತು ದಿನದ ಬಾಡಿಗೆ ಎರಡನ್ನೂ ಪಕ್ಕಪಕ್ಕ ಬರೆಯಿರಿ. ಲೆಕ್ಕ ತೋರಿಸಲು ಮಾತ್ರ ಒಂದು ಉದಾಹರಣೆ. ಹೋಂಸ್ಟೇ ದಿನಕ್ಕೆ 1,500 ಅಂದರೆ 60 ದಿನಕ್ಕೆ 90,000 ರೂಪಾಯಿ. ಬಾಡಿಗೆ ಮನೆ ತಿಂಗಳಿಗೆ 10,000 ಅಂದರೆ ಎರಡು ತಿಂಗಳಿಗೆ 20,000. ಹಾಸಿಗೆ, ಪಾತ್ರೆ, ಗ್ಯಾಸ್, ಇಂಟರ್ನೆಟ್‌ಗೆ 15,000 ಸೇರಿಸಿದರೂ 35,000. ಮಾಲೀಕರು "ಎರಡೇ ತಿಂಗಳಾ?" ಅಂತ ಹಿಂದೆಮುಂದೆ ನೋಡಿದರೆ ಮೂರು ತಿಂಗಳ ಬಾಡಿಗೆ ಕೊಟ್ಟು ಎರಡು ತಿಂಗಳು ಇದ್ದರೂ ನಿಮಗೇ ಲಾಭ. ನಾವೂ ಮೂರು ತಿಂಗಳ ಬಾಡಿಗೆ ಕೊಟ್ಟು ಎರಡೂವರೆ ತಿಂಗಳು ಇದ್ದೆವು.

ಸಾಮಾನು ಸಾಗಿಸಬೇಡಿ. ಕುರ್ಚಿ, ಮೇಜು, ದೊಡ್ಡ ಪಾತ್ರೆಗಳನ್ನು ಪೇಟೆಯ ಶಾಮಿಯಾನದ ಅಂಗಡಿಯವರು ಬಾಡಿಗೆಗೆ ಕೊಡುತ್ತಾರೆ. ಮದುವೆ ಕಾಲವಾದ್ದರಿಂದ ಮೊದಲೇ ಹೇಳಿಡಿ. ಅಡುಗೆಗೆ 5 ಕೆ.ಜಿ.ಯ ಸಣ್ಣ ಸಿಲಿಂಡರ್ ಸಾಕು.

ಊಟದ ಖರ್ಚು ಇಳಿಯುವುದು ಊರಿನವರ ಹಾಗೆ ಉಂಡರೆ. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಹಲಸಿನ ಪಲ್ಯ, ಪುನರ್ಪುಳಿ (ಕೋಕಂ) ಸಾರು. ಹೊನ್ನಾವರ, ಕುಮಟಾ ಕಡೆ ಪುನರ್ಪುಳಿಗೆ ಮುರುಗಲು ಅಂತಾರೆ. ಮೀನು ತಿನ್ನುವವರು ಅಂಜಲ್, ಪಾಂಫ್ರೆಟ್ ಬಿಟ್ಟು ಬಂಗುಡೆ, ಬೂತಾಯಿ ತನ್ನಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ನೀವು ಇರುವ ತಿಂಗಳುಗಳಲ್ಲಿ ತಾಜಾ ಮೀನಿಗೆ ಕೊರತೆ ಇಲ್ಲ. ಮಾಲೀಕರು ಸಸ್ಯಾಹಾರಿಗಳಾಗಿದ್ದರೆ ಮೀನಿನ ವಿಷಯ ಮೊದಲೇ ಮಾತಾಡಿಕೊಳ್ಳಿ. ಆಮೇಲೆ ಮುಜುಗರ ಬೇಡ.

ಹೆಜ್ಜೆ 7: ಮನೆ ಹುಡುಕುವುದು, ಮಾತಾಡುವುದು

ಆ್ಯಪ್‌ಗಳಲ್ಲಿ ಇಂಥ ಮನೆ ಸಿಗುವುದು ಕಡಿಮೆ. ಜನವರಿಯಲ್ಲಿ ಎರಡು ದಿನ ಹೋಗಿ ಆಯ್ದ ಪೇಟೆಯಲ್ಲಿ ಸುತ್ತಿ. ದಿನಸಿ ಅಂಗಡಿ, ರಿಕ್ಷಾ ನಿಲ್ದಾಣ, ಹಾಲಿನ ಡೈರಿ, ಈ ಮೂರು ಕಡೆ ಕೇಳಿದರೆ ಸಂಜೆಯೊಳಗೆ ನಾಲ್ಕು ಮನೆಯ ಸುದ್ದಿ ಬರುತ್ತದೆ. ನಮಗೆ ಮನೆ ಸಿಕ್ಕಿದ್ದು ಹಾಲಿನ ಡೈರಿಯಲ್ಲಿ. ಮಂಗಳೂರು, ಉಡುಪಿ ಕಡೆ ಮನೆಮಾತು ತುಳು, ಕೊಂಕಣಿ, ಬ್ಯಾರಿ ಹೀಗೆ ಬೇರೆ ಬೇರೆ. ಕನ್ನಡ ಎಲ್ಲರಿಗೂ ಬರುತ್ತದೆ. ನೀವು "ಎಂಚ ಉಲ್ಲರ್" (ಹೇಗಿದ್ದೀರಿ) ಅಂತ ಎರಡು ಮಾತು ತುಳುವಿನಲ್ಲಿ ಆಡಿದರೆ ಅವರ ಮುಖ ಅರಳುತ್ತದೆ.

ದೊಡ್ಡ ಮುಂಗಡದ ಬದಲು ಇಡೀ ಅವಧಿಯ ಬಾಡಿಗೆಯನ್ನು ಎರಡು ಕಂತಿನಲ್ಲಿ ಕೊಡುತ್ತೇನೆ ಅನ್ನಿ. ಎಷ್ಟೇ ಒಳ್ಳೆಯ ಜನರಾಗಿರಲಿ, ಇ-ಸ್ಟ್ಯಾಂಪ್ ಹಾಕಿದ ಸಣ್ಣ ಕರಾರು ಮಾಡಿಸಿ. ತಾರೀಕು, ಕರೆಂಟ್ ಬಿಲ್, ಟ್ಯಾಂಕರ್ ಖರ್ಚು, ಇವಿಷ್ಟು ಇರಲಿ. ಇನ್ನೊಂದು ಸಾಲು ಮರೆಯಬೇಡಿ: "ಕುಡಿಯುವ ನೀರು ಕೆಟ್ಟರೆ 15 ದಿನದ ಸೂಚನೆ ಕೊಟ್ಟು ಬಿಡಬಹುದು, ಉಳಿದ ಬಾಡಿಗೆ ವಾಪಸ್." ಮೊದಲ ವರ್ಷ ಈ ಸಾಲು ಇಲ್ಲದೆ ನಮ್ಮ ಒಂದು ತಿಂಗಳ ದುಡ್ಡು ಹೋಯಿತು.

ಸಾಧ್ಯವಾದರೆ ಹಿಂದಿನ ವರ್ಷದ ಏಪ್ರಿಲ್‌ನಲ್ಲೇ ಒಂದು ವಾರ ಆ ಊರಲ್ಲಿ ಉಳಿದು ನೋಡಿ. ಚಳಿಗಾಲದ ಕರಾವಳಿ ಬೇರೆ, ಬೇಸಿಗೆಯ ಕರಾವಳಿ ಬೇರೆ.

ಹೆಜ್ಜೆ 8: ಮಕ್ಕಳಿಗೆ ಕಡಲು ತೋರಿಸುವ ಮೊದಲು

ನದಿ ಕಡಲು ಸೇರುವ ಅಳಿವೆ ಬಾಗಿಲಿನ ಹತ್ತಿರ ನೀರಿಗೆ ಇಳಿಯಲೇಬೇಡಿ. ಅಲ್ಲಿ ಸೆಳೆತ ಜಾಸ್ತಿ, ಈಜು ಬಂದರೂ ಪ್ರಯೋಜನ ಇಲ್ಲ. ಕಾವಲುಗಾರರು ಇರುವ ತೀರಕ್ಕೆ ಹೋಗಿ. ಪಡುಬಿದ್ರಿಯೂ ಹೊನ್ನಾವರದ ಕಾಸರಕೋಡೂ ಬ್ಲೂ ಫ್ಲ್ಯಾಗ್ ತೀರಗಳು. ಸೆಳೆತಕ್ಕೆ ಸಿಕ್ಕರೆ ದಡದ ಕಡೆ ನೇರ ಈಜಲು ಹೋಗಬಾರದು, ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ಇದನ್ನು ಮಕ್ಕಳಿಗೆ ಮನೆಯಲ್ಲೇ ಹೇಳಿಕೊಡಿ. ಮಳೆ ಮೋಡ ಕಾಣದಿದ್ದರೂ ದೂರದ ಕಡಲಿನಿಂದ ದೊಡ್ಡ ಅಲೆ ಬರುವುದುಂಟು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅದಕ್ಕೆ ಮುನ್ನೆಚ್ಚರಿಕೆ ಕೊಡುತ್ತದೆ. ಅದಕ್ಕಿಂತ ಸುಲಭ, ದಡದ ಮೀನುಗಾರರನ್ನು ಕೇಳಿ. ಅವರು "ಇವತ್ತು ಬೇಡ" ಅಂದ ದಿನ ಮರಳಿನಲ್ಲೇ ಆಡಿ.

ಹೊರಡುವ ಮೊದಲು

ವಾಪಸ್ ಬರುವ ರೈಲಿನ ಟಿಕೆಟನ್ನು ಸರಿಯಾಗಿ 60 ದಿನ ಮೊದಲು, ಬುಕಿಂಗ್ ತೆರೆದ ಬೆಳಿಗ್ಗೆಯೇ ಮಾಡಿ. ಮೇ ಕೊನೆಯ ವಾರ ರಜೆ ಮುಗಿಸಿ ಹೊರಡುವವರಿಂದ ರೈಲೂ ಬಸ್ಸೂ ತುಂಬಿರುತ್ತವೆ, ಖಾಸಗಿ ಬಸ್ಸಿನ ದರ ಏರಿರುತ್ತದೆ. ಮನೆಗೆ ಹೋದ ದಿನ ಮತ್ತು ಬಿಡುವ ದಿನ ಕರೆಂಟ್ ಮೀಟರಿನ ಫೋಟೋ ತೆಗೆದು ಮಾಲೀಕರಿಗೆ ಕಳಿಸಿ. ಬಾವಿಗೆ ಬಲೆ ಹಾಕಿ ಮುಚ್ಚಿದ್ದೀರಾ ನೋಡಿ. ನಮ್ಮ ಸಾಮಾನಿನ ಜೊತೆ ಒಂದು ಗೋಣಿ ಕುಚ್ಚಲಕ್ಕಿ, ಒಣಗಿಸಿದ ಪುನರ್ಪುಳಿ ಸಿಪ್ಪೆ, ಆ ಮನೆಯ ಅಮ್ಮ ಕಟ್ಟಿಕೊಟ್ಟ ಹಲಸಿನ ಹಪ್ಪಳ ಇದ್ದವು. ಅದಕ್ಕೆ ಜಾಗ ಉಳಿಯುವ ಹಾಗೆ ಹೋಗುವಾಗಲೇ ಒಂದು ಚೀಲ ಖಾಲಿ ಒಯ್ಯಿರಿ.